ನನ್ನ ಕಾಯಿಲೆಯ ಸುದ್ದಿ ಡ್ರೈವರ್‌ಗೆ

ಯಲಹಂಕದಲ್ಲಿ ನಮ್ಮದು ನಾಲ್ಕು ತಲೆಮಾರಿನ ಮನೆತನ. ಇಲ್ಲಿನ ಶಾಲೆಗೆ ಜಾಗ ಕೊಟ್ಟವರು ನನ್ನ ತಾತ. ನಮ್ಮನ್ನು ಯಾರೂ ಬಾಗಿಲಾಚೆ ಕೂರಿಸಿದ್ದಿಲ್ಲ.

ಎದೆಯ ಗಂಟನ್ನು ಗುರುತಿಸಿದವಳು ನಾನು. ಹೆಬ್ಬಾಳದ ಆಸ್ಪತ್ರೆಯಲ್ಲಿ ಮ್ಯಾಮೊಗ್ರಾಂ, ಬಯಾಪ್ಸಿ ಎರಡಕ್ಕೂ ಸಹಿ ಹಾಕಿದವಳೂ ನಾನೇ. ರಿಪೋರ್ಟ್ ಬಂದ ದಿನ ಮಾತ್ರ ಡಾಕ್ಟರು, “ನೀವು ಹೊರಗೆ ಕೂತಿರಿ ಅಮ್ಮ, ಜೊತೆಗೆ ಬಂದಿರೋ ಗಂಡಸರನ್ನ ಕಳಿಸಿ” ಎಂದರು. ನಾನು ಬಾಯಿ ತೆರೆಯುವ ಮೊದಲೇ ನರ್ಸ್ ನಮ್ಮ ಕಾರಿನ ಡ್ರೈವರ್ ಮಂಜುನಾಥನನ್ನು ಒಳಗೆ ಕರೆದೊಯ್ದರು. ಕಾನ್ವೆಂಟಿನಲ್ಲಿ ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು ಕೂತೆ.

ಅವನು ಕಣ್ಣೊರೆಸಿಕೊಳ್ಳುತ್ತಾ ಬಂದ.

“ಏನಂದರು?”

“ಏನಿಲ್ಲ ಬಿಡಿ ಅಮ್ಮ, ಗ್ಯಾಸ್ಟ್ರಿಕ್ ಅಂತೆ.”

“ಗ್ಯಾಸ್ಟ್ರಿಕ್‌ಗೆ ಯಾರೂ ಅಳುವುದಿಲ್ಲ. ಹೇಳು.”

“ಕ್ಯಾನ್ಸರ್ ಅಂತೆ. ನಿಮಗೆ ಹೇಳ್ಬೇಡ ಅಂದವ್ರೆ.”

ಚಿಕಿತ್ಸೆ ಶುರುವಾಗಿದೆ, ಬೇರೆ ಕಡೆ. ಆ ಡಾಕ್ಟರು ನನ್ನೆದುರು ನಿಂತು ಕ್ಷಮೆ ಕೇಳಬೇಕು. ಇಂಥ ಸುದ್ದಿ ಹೊರಿಸಿ ಸುಳ್ಳು ಹೇಳಿಸಿದ್ದಕ್ಕೆ ಮಂಜುನಾಥನ ಕ್ಷಮೆಯನ್ನೂ ಕೇಳಬೇಕು.