ನೈಲಾನ್ ಹುರಿಯನ್ನು ಆರಿಸಿದ್ದು

ಮೊದಲಿಗೆ ಒಂದು ಅರಿಕೆ. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನೇ ಆದರೂ ನನ್ನ ಕನ್ನಡದಲ್ಲಿ ತೆಲುಗು ನುಸುಳುತ್ತದೆ. ನೆನಪೂ ಅಲ್ಲಲ್ಲಿ ತಪ್ಪಬಹುದು. ತಂದೆಯವರ ಬಗ್ಗೆ ಮಾತು ಕಟುವಾದರೆ ಅದು ಮಾತ್ರ ಭಾಷೆಯ ದೋಷವಲ್ಲ, ನನ್ನದು.

ಐವತ್ತರ ದಶಕದ ನಡುವಿನ ಸಂಗತಿ. ಆದವಾನಿಯ ಸರ್ಕಾರಿ ಕಚೇರಿಯೊಂದರಲ್ಲಿ ನಾನು ಹಂಗಾಮಿ ಗುಮಾಸ್ತನಾಗಿದ್ದೆ. ಬಳ್ಳಾರಿಯಲ್ಲಿ ಓದುವಾಗ ಟೆನಿಸ್ ಕಲಿತಿದ್ದೆನೆಂದು ತಿಳಿದ ನಮ್ಮ ಸಾಹೇಬರು, ಕ್ಲಬ್ಬಿನಲ್ಲಿ ನಾಲ್ಕನೆಯ ಆಟಗಾರನಿಲ್ಲದ ದಿನ ನನ್ನನ್ನು ಕರೆಸುತ್ತಿದ್ದರು. ಒಮ್ಮೆ ಹುರಿ ಕಿತ್ತುಹೋದ ತಮ್ಮ ಹಳೆಯ ರ‍್ಯಾಕೆಟ್ಟನ್ನು ನನಗೆ ಕೊಟ್ಟು ಹೇಳಿದರು: "ಭಾನುವಾರ ಕರ್ನೂಲಿನಿಂದ ದೊಡ್ಡ ಸಾಹೇಬರು ಬರ್ತಾರೆ. ಚೆನ್ನಾಗಿ ಆಡಯ್ಯ. ನಿನ್ನ ಕೆಲಸ ಕಾಯಂ ಆಗೋದು ಅವರ ಕೈಲಿದೆ." ಮದರಾಸಿನಿಂದ ತರಿಸಿದ್ದ ಎರಡು ಸುರುಳಿಗಳನ್ನೂ ಮೇಜಿನ ಮೇಲಿಟ್ಟರು. ಒಂದು ಕರುಳಿನ ಹುರಿ, ಇನ್ನೊಂದು ಆಗತಾನೆ ಬಳಕೆಗೆ ಬರುತ್ತಿದ್ದ ನೈಲಾನ್. "ಗೆಲ್ಲಬೇಕಾದ್ರೆ ಕರುಳಿಂದು. ಆಮೇಲೆ ನಿನ್ನಿಷ್ಟ."

ಎರಡನ್ನೂ ಮನೆಗೆ ಒಯ್ದದ್ದೇ ತಪ್ಪಾಯಿತು. ದೇವಸ್ಥಾನದ ಅರ್ಚಕರಾಗಿದ್ದ ತಂದೆಯವರು ಪಡಸಾಲೆಯಲ್ಲಿ ಕೂತಿದ್ದರು.

"ಅದೇನಪಾ, ತಂಬೂರಿ ತಂತಿ ಇದ್ದಂಗದ?"

ಸುಳ್ಳು ಹೇಳಬಹುದಿತ್ತು. ಆದರೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡುವುದೇ ವಿದ್ಯೆಯೆಂದು ನಾನು ನಂಬಿದ್ದ ಕಾಲವದು. "ಕುರಿಯ ಕರುಳಿನಿಂದ ತಯಾರಿಸಿದ್ದು," ಎಂದೆ.

ಅವರು ಎದ್ದು ನಿಂತರು. "ಮಡಿ ನೀರು ಇರೋ ಮನಿಯಾಗ ಕರುಳು ತಂದೀಯಾ? ಬಿ.ಎ. ಓದಿಸಿದ್ದು ಇದಕ್ಕೇನು? ಅದನ್ನ ಹಿಡಕೊಂಡು ಮತ್ತ ಈ ಹೊಸ್ತಿಲು ದಾಟಬ್ಯಾಡ."

ನಾನು ನೈಲಾನನ್ನೇ ಆರಿಸಿದೆ.

ಊರಿನಲ್ಲಿ ರ‍್ಯಾಕೆಟ್ಟಿಗೆ ಹುರಿ ಬಿಗಿಯುತ್ತಿದ್ದವರು ಹತ್ತಿ ಹಿಂಜುವ ಸಾಬರೊಬ್ಬರೇ. ಹಿಂಜಲು ಬಳಸುವ ಬಿಲ್ಲಿಗೆ ತಾವೇ ಹುರಿ ಕಟ್ಟಿ ಅವರ ಕೈ ಪಳಗಿತ್ತು. ನೈಲಾನನ್ನು ಎಳೆದು ನೋಡಿ ಮುಖ ಕಿವಿಚಿದರು.

"ಇದು ಹಿಗ್ಗತೈತಿ, ಸ್ವಾಮೇರ. ಇವತ್ತು ಬಿಗಿದ್ರ ನಾಳಿಗಿ ಜೋಲು. ಕರುಳಿಂದ್ಯಾಕ ಬಿಟ್ರಿ?"

ಕಾರಣ ಹೇಳಿದೆ. ಸಾಬರು ನಕ್ಕು, ಗೋಡೆಗೆ ಒರಗಿಸಿದ್ದ ಬಿಲ್ಲನ್ನು ಬೆರಳಿನಿಂದ ಮೀಟಿದರು. "ಇದೂ ಕರುಳೇ ಅಲ್ಲೇನ್ರಿ? ನಿಮ್ಮ ತಂದೆಯವರ ಹಾಸಿಗಿ ಹತ್ತಿ ಹಿಂಜಿದ್ದು ಇದರಾಗ. ಎಷ್ಟು ವರ್ಸದಿಂದ ನಿದ್ದಿ ಮಾಡ್ಯಾರ, ಕೇಳ್ರಿ ಅವರನ್ನ!"

ಮನೆಗೆ ಹೋಗಿ ಆ ಮಾತನ್ನು ಹೇಳಿ, ಕಚೇರಿಯಲ್ಲಿ ಇಟ್ಟುಬಂದಿದ್ದ ಇನ್ನೊಂದು ಸುರುಳಿಯನ್ನು ತರಬಹುದಿತ್ತು. ಧೈರ್ಯ ಬರಲಿಲ್ಲ.

ಭಾನುವಾರ ಎರಡನೆಯ ಸೆಟ್ಟಿಗೇ ಹುರಿ ಸಡಿಲಾಯಿತು. ಹೊಡೆದ ಚೆಂಡೆಲ್ಲ ಕಾಂಪೌಂಡಿನಾಚೆ. ದೊಡ್ಡ ಸಾಹೇಬರು ರ‍್ಯಾಕೆಟ್ಟನ್ನು ಇಸಿದುಕೊಂಡು ನೋಡಿ, ನೈಲಾನ್ ಏಕೆಂದು ಕೇಳಿದರು. ವ್ಯಾಕರಣ ತಪ್ಪದಂತೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದೆ. ಅವರು ತೆಲುಗಿಗೆ ಹೊರಳಿ ಎಲ್ಲರಿಗೂ ಕೇಳುವಂತೆ ನಕ್ಕರು: "ನನ್ನ ಕರುಳಿಗೆ ತಾಗಿದ ಚೆಂಡೇ ನಿನ್ನ ನೈಲಾನಿಗೂ ಬರ್ತದಲ್ಲಯ್ಯಾ! ಪ್ರತಿ ಸಲ ಸ್ನಾನ ಮಾಡ್ತೀಯಾ?" ನಮ್ಮ ಸಾಹೇಬರೂ ನಕ್ಕರು. ಆಮೇಲೆ ನನ್ನ ಕಡೆ ನೋಡದೆ, ದೊಡ್ಡ ಸಾಹೇಬರು ಅವರಿಗೆ ಹೇಳಿದರು: "ಹುರಿ ಹಾಕಿಸೋಕೆ ಅಪ್ಪನನ್ನ ಕೇಳೋನು ನಾಳೆ ಫೈಲಿಗೂ ಕೇಳ್ತಾನೆ."

ಮನೆಗೆ ಬಂದಾಗ ತಂದೆಯವರು ಪ್ರೀತಿಯಿಂದಲೇ ಕೇಳಿದರು, "ಆಟ ಛಲೋ ಆತೇನಪಾ?"

ಆಗ ಸಾಬರ ಮಾತನ್ನು ಹೇಳಿದೆ. ಸತ್ಯಕ್ಕಾಗಿ ಹೇಳಿದೆನೆಂದು ಬರೆಯಲು ಆಸೆ, ನೋಯಿಸಲೆಂದೇ ಹೇಳಿದೆ. ಅವರು ಹಾಸಿಗೆಗಳನ್ನೆಲ್ಲ ಸುತ್ತಿ, ತಾವೇ ಹೊತ್ತು ಓಣಿಯಲ್ಲಿ ಹಾಕಿ ಬಂದರು.

ತಿಂಗಳ ಕೊನೆಗೆ ನನ್ನನ್ನು ಕೆಲಸದಿಂದ ತೆಗೆದರು. ಎಮ್ಮಿಗನೂರಿನ ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಅರ್ಧ ಸಂಬಳಕ್ಕೆ ಸೇರಿದೆ. ಸಾಬರಿಗೆ ನಮ್ಮ ಮನೆಯ ಕೆಲಸ ತಪ್ಪಿತು. ತಂದೆಯವರು ಆಮೇಲೆ ಯಾವ ವಿಷಯದಲ್ಲೂ ನನ್ನ ಅಭಿಪ್ರಾಯ ಕೇಳಲಿಲ್ಲ. ಹೈಸ್ಕೂಲಿನಲ್ಲಿದ್ದ ತಂಗಿಯ ಓದನ್ನು ಆ ವರ್ಷವೇ ಬಿಡಿಸಿದರು. ಮನೆಯಲ್ಲಿ ಒಬ್ಬ ಓದಿದ್ದು ಸಾಕೆಂದರು.