ಒಕ್ತಾವನ ಕೊನೆಯ ಪೀಪಾಯಿ

ಅರ್ಮಾಂದಳದು ಹುಟ್ಟಾ ಅನುಮಾನದ ಬುದ್ಧಿ. ಮದುವೆಯೂಟದಲ್ಲಿ ಬೀಗರು ಕೊಟ್ಟ ಲೋಟವನ್ನು ಮೂಸಿ, "ನೀರು ಬೆರೆಸಿದೀರಾ?" ಎಂದು ಕೇಳಿದ ಮಹಾತಾಯಿ ಅವಳು. ಲ್ವಾರ್ ನದಿಯ ದಂಡೆಯ ಕಲ್ಲುಗುಹೆಯಲ್ಲಿ ಗಂಡ ಒಕ್ತಾವನ ಜೊತೆ ಬಿಳಿ ವೈನ್ ಮಾಡುತ್ತಲೇ ಮುದುಕಿಯಾದಳು. ಕೂಲಿಯವರನ್ನು ನಂಬಲಿಲ್ಲ, ವ್ಯಾಪಾರಿಗಳನ್ನು ನಂಬಲಿಲ್ಲ, ಸ್ವಂತ ಮಗ ರೆಜಿಸನ ಮೇಲೂ ನಂಬಿಕೆ ಅಷ್ಟಕ್ಕಷ್ಟೆ. ನಂಬಿದ್ದು ಒಕ್ತಾವನೊಬ್ಬನನ್ನೇ.

ಒಂದು ವರ್ಷ ದ್ರಾಕ್ಷಿಯ ಕೊಯ್ಲು ಮುಗಿಸಿ, ಚಳಿಗಾಲದಲ್ಲಿ ಅವನು ತೀರಿಕೊಂಡ. ಅವನೇ ಕೈಯಾರೆ ತುಂಬಿಸಿದ್ದ ಪೀಪಾಯಿಯೊಂದು ಉಳಿಯಿತು. ಅದಕ್ಕೆ ಬೇರೆ ವೈನ್ ಒಂದು ಹನಿಯೂ ಬೆರೆಯಕೂಡದು ಎಂದು ಅರ್ಮಾಂದ್ ಕಟ್ಟಪ್ಪಣೆ ಮಾಡಿದಳು. ಪೀಪಾಯಿಯ ಮರ ವೈನನ್ನು ಹೀರುತ್ತಲೇ ಇರುತ್ತದೆ. ತಗ್ಗಿದಷ್ಟನ್ನು ಮತ್ತೆ ತುಂಬಿಸದಿದ್ದರೆ ಗಾಳಿ ಸೇರಿ ಹುಳಿಯಾಗುತ್ತದೆ. ಅದು ಅವಳಿಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಹಟ.

ಬೇಸಿಗೆಯಲ್ಲಿ ಬಿರಡೆ ತೆಗೆದು ಬೆರಳಿಟ್ಟರೆ ವೈನ್ ಕಂಠಮಟ್ಟ! ಯಾರೋ ಸುರಿದಿದ್ದಾರೆ. ಯಾರೋ ಏನು ಬಂತು, ಸೊಸೆ ಜೋಸ್ಯಾನೇ! ಸೇಬಿನ ರಸ ಹುಳಿ ಬರಿಸಿ ಕುಡಿಯುವ ಸೀಮೆಯಿಂದ ಬಂದವಳಿಗೆ ದ್ರಾಕ್ಷಿಯ ಮರ್ಯಾದೆ ಏನು ಗೊತ್ತು? ಒಕ್ತಾವನ ಕೈರುಚಿ ಕೆಟ್ಟುಹೋಯಿತೆಂದು ಮುದುಕಿ ಅನ್ನನೀರು ಬಿಟ್ಟವಳಂತೆ ಒಣಗಿದಳು. ಸೊಸೆ ಎಲ್ಲಿಗೆ ಹೋದರೂ ಹಿಂದೆಯೇ ಎರಡು ಕಣ್ಣು.

ಒಂದು ಭಾನುವಾರ ಜೋಸ್ಯಾನ್ ಹೂಜಿ ಹಿಡಿದು ಗುಹೆಗೆ ಹೋದಳು. ಅರ್ಮಾಂದ್ ಬೆನ್ನಿಗೇ ಹೋಗಿ ಹಿಡಿದಳು.

"ಸಿಕ್ಕಿಬಿದ್ಯಲ್ಲೇ ಕಳ್ಳಿ! ಏನ್ ಸುರೀತಿದೀಯ ಅದಕ್ಕೆ?"

"ಅಯ್ಯೋ ಅತ್ತೆ, ಜೀವಾನೇ ಹೋಯ್ತು ನಂದು! ಏನೂ ಸುರೀತಿಲ್ಲ."

"ಮತ್ತೆ ಹೂಜೀಲಿ ಗಾಳಿ ತುಂಬ್ಕೊಂಡ್ ಬಂದ್ಯಾ? ತಾ ಇಲ್ಲಿ."

ಕಿತ್ತುಕೊಂಡು ಮೂಸಿದಳು. ಯಾವ ವಾಸನೆಯೂ ಇಲ್ಲ. ಕೈ ಹಾಕಿದಳು. ನದಿಯ ನುಣ್ಣನೆಯ ಬೆಣಚುಕಲ್ಲುಗಳು, ಕುದಿಸಿ ತೊಳೆದಂಥವು.

"ಬೇರೆ ಹನಿ ಬೆರೀಬಾರ್ದು ಅಂದ್ರಲ್ಲ," ಎಂದಳು ಜೋಸ್ಯಾನ್. "ಹಾಗೇ ಬಿಟ್ಟಿದ್ರೆ ಮಾವನ ವೈನ್ ಹುಳಿಯಾಗ್ತಿತ್ತು. ಕಲ್ಲು ಹಾಕಿದ್ರೆ ಮಟ್ಟ ಏರುತ್ತೆ. ಒಳಗಿರೋದೆಲ್ಲ ಅವರದ್ದೇ."

"ಬಾಯ್ಬಿಟ್ಟು ಹೇಳೋಕೇನು ಧಾಡಿ ನಿಂಗೆ?"

"ಹೇಳಿದ್ರೆ ನಂಬ್ತಿದ್ರಾ?"

ಮುದುಕಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು. ಹೂಜಿಯಿಂದ ಒಂದು ಕಲ್ಲನ್ನೆತ್ತಿ, ಅಭ್ಯಾಸ ಬಿಡದೆ ಅದನ್ನೂ ಮೂಸಿ ನೋಡಿ, ಒಕ್ತಾವನ ಪೀಪಾಯಿಯೊಳಗೆ ಮೆಲ್ಲಗೆ ಬಿಟ್ಟಳು. ಆಮೇಲೆ ಸೊಸೆಯ ಮುಂದೆ ಕೈಯೊಡ್ಡಿದಳು.

"ಇನ್ನೊಂದು ಹಿಡಿಸುತ್ತೆ, ಕೊಡೇ."