ಮಾವನ ಎದೆಯಲ್ಲಿ ತಪ್ಪಿದ ಕೊಂಡಿ

ಗೆಳೆಯರೇ, ಇಳಕಲ್ಲಿನಲ್ಲಿ ಸೀರೆ ನೇಯುವ ನಮ್ಮ ಸೋದರಮಾವನಿಗೆ ಎದೆನೋವೆಂದು ಇಂದು ಬಾಗಲಕೋಟೆಯಲ್ಲಿ ಹೃದಯದ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಡಾಕ್ಟರು ಪರದೆಯ ಮೇಲೆ ತೋರಿಸಿದರು: "ಎಡಕ್ಕ ಹುಟ್ಟಬೇಕಾದ ರಕ್ತನಾಳ ಬಲಕ್ಕ ಹುಟ್ಟಿ, ಹಿಂದ ಸುತ್ತಿ ಬಂದೈತ್ರಿ. ಹುಟ್ಟಿನಿಂದನ ಹಿಂಗ ಐತಿ, ಭಾಳ ಅಪರೂಪ."

ಸೀರೆಯ ಒಡಲಿಗೆ ಸೆರಗನ್ನು ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಮಾವ ಕನ್ನಡಕ ಏರಿಸಿ ನೋಡಿದ. "ಕೊಂಡಿ ತಪ್ಪೈತಿ" ಎಂದವನೇ ಪಕ್ಕದಲ್ಲಿ ಕೂತಿದ್ದ ನಮ್ಮಜ್ಜಿಯ ಕಡೆ ತಿರುಗಿದ: "ಯಾಕಬೇ ಯವ್ವಾ, ನನ್ನ ಹಿಂಗ ನೇಯ್ದಿ?"

ಅಜ್ಜಿ ಸಿಡಿದಳು: "ನೇಯ್ದಾಕಿ ನಾನ ಖರೆ, ಕೊಂಡಿ ಹಾಕಿದಾವ ನಿಮ್ಮಪ್ಪ. ಹೋಗಿ ಅವನ್ನ ಕೇಳು!"

ಡಾಕ್ಟರು ನಗು ತಡೆದುಕೊಂಡು, "ಇದರಿಂದ ಏನೂ ಅಪಾಯ ಇಲ್ರಿ, ನೋವು ಗ್ಯಾಸಿಂದು" ಎಂದರು.

ಅಜ್ಜ ತೀರಿಕೊಂಡು ಹತ್ತು ವರ್ಷವಾಯಿತು. ಮಾವ ಹೋಗಿ ಕೇಳುವ ಪ್ರಸಂಗ ಸದ್ಯಕ್ಕಿಲ್ಲ.